ಓದುಗರ ಪ್ರಶ್ನೆ: ಪಕ್ಕದ್ಮನೆ ಗ್ರೀಕ್ ಅಜ್ಜಿ ಕೊಟ್ಟ ಗೋಧಿ ಪೊಟ್ಟಣ

ಹೋದ ಸಂಚಿಕೆಯಲ್ಲಿ ಮೆಲ್ಬರ್ನ್‌ನ ಓದುಗರೊಬ್ಬರು ತಮ್ಮ ಪಕ್ಕದ ಮನೆ ಗ್ರೀಕ್ ಅಜ್ಜಿ ಬೇಸಿಗೆಲೂ ತಲೆಯಿಂದ ಕಾಲವರೆಗೆ ಕಪ್ಪು ಬಟ್ಟೆನೇ ಯಾಕೆ ಹಾಕ್ತಾರೆ ಅಂತ ಕೇಳಿದ್ರು. ಗಂಡ ತೀರಿಕೊಂಡ ಮೇಲೆ ಆ ತಲೆಮಾರಿನ ಹಳ್ಳಿ ಹೆಂಗಸರಲ್ಲಿ ತುಂಬಾ ಜನ ಜೀವ ಇರೋವರೆಗೂ ಕಪ್ಪು ಬಿಡಲ್ಲ ಅಂತ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪ್ರಶ್ನೆ ಬಂದಿವೆ ಅಂದ್ರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಟ್ಬಿಟ್ಟಿದೀನಿ. ನಾನೂ ಕೆಲವು ವರ್ಷ ಮೆಲ್ಬರ್ನ್‌ನಲ್ಲಿ ಇಂಥ ಹೆಂಗಸರ ಮಧ್ಯೆನೇ ಇದ್ದವಳು, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಓದಿ.

ಪ್ರಶ್ನೆ (ಅದೇ ಓದುಗರು, ಮೆಲ್ಬರ್ನ್): ಅಕ್ಕಾ, ಭಾನುವಾರ ಅಜ್ಜಿ ಮಗಳ ಕೈಲಿ ಒಂದು ಸಣ್ಣ ಬಿಳಿ ಪೊಟ್ಟಣ ಕಳಿಸಿದ್ರು, ಬಿಚ್ಚಿ ನೋಡಿದ್ರೆ ಬೇಯಿಸಿದ ಗೋಧಿ, ದ್ರಾಕ್ಷಿ, ದಾಳಿಂಬೆ, ಮೇಲೆ ಸಕ್ಕರೆ ಪುಡಿ. ಅಪ್ಪ ಹೋಗಿ ಒಂದು ವರ್ಷ ಆಯ್ತು ಅದಕ್ಕೆ ಅಂದ್ಲು ಮಗಳು. ನಮ್ಮತ್ತೆ ಸಾವಿನ ಮನೇದು ತಿನ್ಬಾರ್ದು ಅಂತ ಹಾಗೇ ಎತ್ತಿಟ್ಟಿದಾರೆ. ತಿನ್ಬಹುದಾ? ತಿಂದ್ರೆ ಏನಾದ್ರೂ ಹೇಳ್ಬೇಕಾ?

ಉತ್ತರ: ತಿನ್ನಿ ಅಮ್ಮ, ಧಾರಾಳವಾಗಿ ತಿನ್ನಿ. ಇದನ್ನ ಕೋಲಿವಾ ಅಂತಾರೆ. ಸತ್ತವರ ಹೆಸರಲ್ಲಿ ನಲವತ್ತನೇ ದಿನಕ್ಕೆ, ವರ್ಷಕ್ಕೆ ಮಾಡೋದು ಮುಖ್ಯ, ಅದು ಬಿಟ್ಟು ಈಸ್ಟರ್ ಮುಂಚಿನ ಉಪವಾಸದ ಹೊತ್ತಿಗೆ ಕೆಲವು ಶನಿವಾರ ಹೋದವರಿಗೆಲ್ಲ ಸೇರಿಸಿ ಮಾಡಿ ತಟ್ಟೆಯಲ್ಲಿ ಚರ್ಚ್‌ಗೆ ಒಯ್ತಾರೆ. ಪಾದ್ರಿ ಪ್ರಾರ್ಥನೆ ಹೇಳಿದ ಮೇಲೆ ಬಂದವರಿಗೆಲ್ಲ ಹಂಚ್ತಾರೆ, ಪೊಟ್ಟಣ ತಗೊಂಡವರು ಬಾಯಿಗೆ ಹಾಕ್ಕೊಂಡು "ದೇವರು ಅವರನ್ನ ಕ್ಷಮಿಸಲಿ" ಅನ್ನೋದು ರೂಢಿ. ನೀವು ಕನ್ನಡದಲ್ಲೋ ಇಂಗ್ಲಿಷಲ್ಲೋ ಮನಸ್ಸಿಂದ ಅಷ್ಟು ಹೇಳಿದ್ರೆ ಸಾಕು. ಅದನ್ನ ತಿನ್ನೋದೇ ಹೋದವರಿಗೆ ಮಾಡೋ ಉಪಕಾರ ಅಂತ ಆ ಅಜ್ಜಿ ಲೆಕ್ಕ, ಎತ್ತಿಟ್ಟು ಎಸೆದ್ರೆ ಅವರಿಗೆ ನೋವಾಗತ್ತೆ.

ಅದರ ಹಿಂದೆ ಎಷ್ಟು ಕೆಲಸ ಇದೆ ಅಂತ ಗೊತ್ತಾದ್ರೆ ನಿಮ್ಮತ್ತೆನೂ ಒಪ್ತಾರೆ ಅನ್ಸುತ್ತೆ. ಹಿಂದಿನ ದಿನ ಗೋಧಿ ಬೇಯಿಸ್ಬೇಕು, ಕಾಳು ಅರಳ್ಬೇಕು ಆದ್ರೆ ಮುದ್ದೆ ಆಗ್ಬಾರ್ದು, ನೀರು ಬಸಿದು ರಾತ್ರಿಯೆಲ್ಲ ಬಿಳಿ ಬಟ್ಟೆ ಮೇಲೆ ಹರಡಿ ಆರಿಸ್ಬೇಕು, ಒಂಚೂರು ಪಸೆ ಉಳಿದ್ರೂ ಮೇಲಿನ ಸಕ್ಕರೆ ಕರಗಿ ಎಲ್ಲಾ ಹಾಳು. ಬೆಳಿಗ್ಗೆ ಎದ್ದು ಹುರಿದು ಪುಡಿ ಮಾಡಿದ ಬಾದಾಮಿ ಇಲ್ಲ ವಾಲ್‌ನಟ್, ಒಣದ್ರಾಕ್ಷಿ, ದಾಳಿಂಬೆ ಕಾಳು, ಚಕ್ಕೆ ಪುಡಿ ಸೇರಿಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಅದರ ಮೇಲೆ ತೇವ ಹೀರ್ಕೊಳ್ಳೋಕೆ ರಸ್ಕ್ ಪುಡಿನೋ ಹುರಿದ ಹಿಟ್ಟೋ ಒಂದು ಪದರ, ಕೊನೆಗೆ ನುಣ್ಣನೆ ಸಕ್ಕರೆ ಪುಡಿ ಜರಡಿ ಹಿಡಿದು ಕಾಗದ ಇಟ್ಟು ಅಂಗೈಲಿ ಒತ್ತಿ ಒತ್ತಿ ಒಂದು ಗೆರೆನೂ ಕಾಣದ ಹಾಗೆ ಮಾಡ್ತಾರೆ. ಅದರ ಮೇಲೆ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳಿಂದ ಶಿಲುಬೆ, ಸತ್ತವರ ಹೆಸರಿನ ಮೊದಲ ಅಕ್ಷರ. ಇಷ್ಟೆಲ್ಲ ಮಾಡಿ ಚರ್ಚಲ್ಲಿ ಒಂದು ಗಂಟೆಯೊಳಗೆ ಚಮಚ ಹಾಕಿ ಕಲೆಸಿಬಿಡ್ತಾರೆ!

ಗೋಧಿನೇ ಯಾಕೆ ಅಂದ್ರೆ, ಕಾಳು ನೆಲಕ್ಕೆ ಬಿದ್ದು ಸತ್ತರೇನೆ ಬೆಳೆ ಬರೋದು ಅಂತ ಬೈಬಲ್ಲಿನ ಯೋಹಾನನ ಸುವಾರ್ತೆಯಲ್ಲಿ ಮಾತಿದೆ, ಅದನ್ನ ಹೇಳ್ತಾರೆ. ಆದ್ರೆ ಕ್ರಿಸ್ತನಿಗಿಂತ ಮುಂಚೆನೂ ಅಥೆನ್ಸ್‌ನವರು ಸತ್ತವರ ಹಬ್ಬಕ್ಕೆ ನಾನಾ ಕಾಳು ಒಟ್ಟಿಗೆ ಬೇಯಿಸಿ ಇಡ್ತಿದ್ರು, ಅಷ್ಟು ಹಳೇ ಅಡುಗೆ ಮೆಲ್ಬರ್ನ್‌ನ ನಿಮ್ಮ ಕಾಂಪೌಂಡ್ ಗೋಡೆ ದಾಟಿ ಬಂದಿದೆ.

ಪ್ರಶ್ನೆ (ದಾವಣಗೆರೆ): ಮೇಡಂ, ಗ್ರೀಸ್ ಅಂದ್ರೆ ನಮಗೆ ಅಲೆಕ್ಸಾಂಡರ್, ಸಾಕ್ರೆಟಿಸ್ ಅಷ್ಟೇ ಗೊತ್ತು. ಅಲ್ಲಿನ ಹಳ್ಳಿ ಹೆಂಗಸರು ಅಷ್ಟು ದೂರ ಆಸ್ಟ್ರೇಲಿಯಾಕ್ಕೆ ಯಾಕೆ ಹೋದ್ರು, ಗಂಡನ ಹಿಂದೆ ಹೋದ್ರಾ?

ಉತ್ತರ: ಕೆಲವರು ಗಂಡನ ಹಿಂದೆ, ಇನ್ನು ಕೆಲವರು ಮುಖನೇ ನೋಡದ ಗಂಡನ ಹತ್ರ.

1941ರ ಚಳಿಗಾಲದಲ್ಲಿ ನಾಜಿಗಳು ಮತ್ತೆ ಅವರ ಜೊತೆಗಾರ ದೇಶಗಳ ಪಡೆಗಳ ಕೈಲಿದ್ದ ಗ್ರೀಸ್‌ನಲ್ಲಿ ಭೀಕರ ಬರಗಾಲ, ಅಥೆನ್ಸ್ ಬೀದಿಲೇ ಜನ ಹಸಿದು ಸತ್ರು. ಯುದ್ಧ ಮುಗೀತು ಅನ್ನೋ ಹೊತ್ತಿಗೆ 1946ರಿಂದ 1949ರವರೆಗೆ ಅಂತರ್ಯುದ್ಧ, ಅಣ್ಣ ಒಂದು ಕಡೆ ತಮ್ಮ ಒಂದು ಕಡೆ, ಬೆಟ್ಟದ ಹಳ್ಳಿಗಳೆಲ್ಲ ಖಾಲಿ ಆದ್ವು. ಅತ್ಲಾಗೆ ಆಸ್ಟ್ರೇಲಿಯಾಕ್ಕೆ ಫ್ಯಾಕ್ಟರಿಗೆ ಜನ ಬೇಕಿತ್ತು, ಬಿಳಿಯರೇ ಬೇಕು ಅನ್ನೋ ಕಾನೂನೂ ಇನ್ನೂ ಇತ್ತು, 1952ರಲ್ಲಿ ಎರಡು ಸರ್ಕಾರ ಒಪ್ಪಂದ ಮಾಡ್ಕೊಂಡ್ವು. ಅಲ್ಲಿಂದ ಎಪ್ಪತ್ತರ ದಶಕದ ಮಧ್ಯದವರೆಗೆ ಎರಡು ಲಕ್ಷಕ್ಕೂ ಹೆಚ್ಚು ಗ್ರೀಕರು ಆಸ್ಟ್ರೇಲಿಯಾಕ್ಕೆ ಹೋದ್ರು. ಜರ್ಮನಿಗೆ 1960ರ ಒಪ್ಪಂದದ ಮೇಲೆ ಹೋದವರು ಬೇರೆ.

ಮೊದಲು ಹೋದವರು ಹೆಚ್ಚಿನಂಶ ಗಂಡಸರು. ಅಲ್ಲಿ ಗ್ರೀಕ್ ಹುಡುಗೀರು ಇಲ್ಲ, ಗ್ರೀಸಿನ ಹಳ್ಳಿಲಿ ವರದಕ್ಷಿಣೆ ಕೊಡೋಕಾಗದೆ ಕೂತಿರೋ ಹುಡುಗೀರು. ಹಾಗಾಗಿ ಫೋಟೋ ಓಡಾಡೋಕೆ ಶುರುವಾಯ್ತು. ಚಿಕ್ಕಪ್ಪನೋ ಊರಿನವರೋ ಫೋಟೋ ಕಳಿಸೋದು, ಇಬ್ರೂ ಒಪ್ಪಿದ್ರೆ ಹುಡುಗಿ ಪಿರೇಯಸ್ ಬಂದರಲ್ಲಿ ಹಡಗು ಹತ್ತೋದು. 1957ರಲ್ಲಿ ಬೆಗೋನಾ ಅನ್ನೋ ಹಡಗು ಹೀಗೆ ನೂರಾರು ಮದುವಣಗಿತ್ತಿಯರನ್ನ ಹೊತ್ಕೊಂಡು ಬಂತು, 1959ರ ಕೊನೆಯಿಂದ ಪಾತ್ರಿಸ್ ಅನ್ನೋ ಹಡಗು ಈ ದಾರಿಲಿ ಓಡಾಡ್ತಿತ್ತು. ಮೆಲ್ಬರ್ನ್‌ನ ಸ್ಟೇಷನ್ ಪಿಯರ್ ಅನ್ನೋ ಹಡಗುಕಟ್ಟೆಲಿ ಕೈಲಿ ಫೋಟೋ ಹಿಡ್ಕೊಂಡು ನಿಂತ ಗಂಡಸರು, ಮೇಲೆ ಡೆಕ್ಕಲ್ಲಿ ಅದೇ ಥರ ಫೋಟೋ ಹಿಡ್ಕೊಂಡು ಕೆಳಗೆ ಹುಡುಕೋ ಹುಡುಗೀರು. ಫೋಟೋದಲ್ಲಿ ತಲೆ ತುಂಬ ಕೂದಲಿದ್ದವನು ಎದುರಿಗೆ ಬೋಳು ತಲೆಲಿ ನಿಂತಿದ್ದ, ಹತ್ತು ವರ್ಷ ಹಳೇ ಫೋಟೋ ಕಳಿಸಿದ್ದ ಅನ್ನೋ ಥರದ ಕಥೆ ಅಲ್ಲಿನ ಗ್ರೀಕ್ ಮನೆಗಳಲ್ಲಿ ಈಗಲೂ ಕೇಳಿಸ್ತವೆ. ನಗ್ತಾ ಹೇಳ್ತಾರೆ, ಆದ್ರೆ ವಾಪಸ್ ಹೋಗೋಕೆ ದುಡ್ಡಿಲ್ಲದ, ಒಂದಕ್ಷರ ಇಂಗ್ಲಿಷ್ ಬರದ ಇಪ್ಪತ್ತರ ಹುಡುಗಿ ಆ ಗಳಿಗೆಲಿ ಹೇಗೆ ನಿಂತಿದ್ಲೋ ಅಂತ ನೆನೆಸ್ಕೊಂಡ್ರೆ ನನಗೆ ಹೊಟ್ಟೆಲಿ ಸಂಕಟ ಆಗತ್ತೆ.

ಬಂದ ವಾರವೇ ಕೆಲಸ. ಬ್ರನ್ಸ್‌ವಿಕ್, ರಿಚ್ಮಂಡ್ ಕಡೆ ಬಟ್ಟೆ ಫ್ಯಾಕ್ಟರಿಗಳು, ಇಲ್ಲಾಂದ್ರೆ ಮನೆಯ ಗ್ಯಾರೇಜಲ್ಲೇ ಹೊಲಿಗೆ ಮಿಷನ್ ಇಟ್ಕೊಂಡು ಪೀಸ್ ಲೆಕ್ಕದಲ್ಲಿ ಹೊಲಿಯೋದು. ಗಂಡ ಹಗಲು ಶಿಫ್ಟ್, ಹೆಂಡತಿ ರಾತ್ರಿ ಶಿಫ್ಟ್, ಮಗುನ ಒಬ್ಬರ ಕೈಯಿಂದ ಒಬ್ಬರಿಗೆ ಬಾಗಿಲಲ್ಲೇ ದಾಟಿಸೋದು. ಹೆಣ್ಣಿಗೆ ಸಮಾನ ಸಂಬಳ ಅನ್ನೋ ತೀರ್ಪುಗಳು ಆಸ್ಟ್ರೇಲಿಯಾದಲ್ಲಿ ಬಂದಿದ್ದೇ 1969 ಮತ್ತೆ 1972ರಲ್ಲಿ, ಅಷ್ಟರಲ್ಲಿ ಇವರು ವರ್ಷಗಟ್ಟಲೆ ಕಮ್ಮಿ ಕೂಲಿಗೆ ದುಡಿದಾಗಿತ್ತು.

ಪ್ರಶ್ನೆ (ಹುಬ್ಬಳ್ಳಿ): ಅಕ್ಕಾರ, ಯುರೋಪಿನ್ಯಾಗೂ ವರದಕ್ಷಿಣೆ ಇತ್ತೇನ್ರೀ? ನಮ್ಮ ಮಗಳು ನಂಬವಲ್ಲಳು.

ಉತ್ತರ: ಇತ್ರೀ, ಅದೂ ಕಾನೂನಿನ ಪುಸ್ತಕದೊಳಗೇ ಇತ್ತು. ಪ್ರೀಕಾ ಅಂತಿದ್ರು. ಹೊಲ, ಆಲಿವ್ ಗಿಡ, ಮನೆ, ನಗದು, ಇವೆಲ್ಲ ಹೆಣ್ಣಿನ ಕಡೆಯಿಂದ ಗಂಡಿಗೆ. ಜೊತೆಗೆ ಹುಡುಗಿ ತಾನೇ ಚಿಕ್ಕಂದಿನಿಂದ ಮಗ್ಗದಲ್ಲಿ ನೇಯ್ದ ಕಂಬಳಿ, ಕಸೂತಿ ಹಾಕಿದ ಹಾಸಿಗೆ ಬಟ್ಟೆ, ಟವೆಲ್ಲು, ಎಲ್ಲಾ ಒಂದು ಮರದ ಪೆಟ್ಟಿಗೆಲಿ. ಅಕ್ಕ ತಂಗಿ ಮದುವೆ ಆಗೋ ತನಕ ಅಣ್ಣ ತಮ್ಮ ಮದುವೆ ಆಗೋ ಹಾಗಿರ್ಲಿಲ್ಲ, ಎಷ್ಟೋ ಗಂಡುಮಕ್ಕಳು ಹಡಗು ಹತ್ತಿದ್ದೇ ತಂಗಿ ಪ್ರೀಕಾ ಸಂಪಾದಿಸೋಕೆ. ಪ್ರೀಕಾ ಕೇಳದ ಗಂಡು ಆಸ್ಟ್ರೇಲಿಯಾದಲ್ಲಿ ಸಿಗ್ತಾನೆ ಅಂತಲೇ ಫೋಟೋ ಮದುವೆಗೆ ಹೂಂ ಅಂದ ಹುಡುಗೀರೂ ಇದ್ರು.

1983ರಲ್ಲಿ ಗ್ರೀಸ್ ಸರ್ಕಾರ ಕುಟುಂಬ ಕಾನೂನು ಬದಲಾಯಿಸಿ ಪ್ರೀಕಾನ ಕಾನೂನಿನಿಂದ ತೆಗೆದುಹಾಕ್ತು. ನಮ್ಮಲ್ಲಿ ನಿಷೇಧದ ಕಾಯ್ದೆ ಬಂದಿದ್ದು 1961ರಲ್ಲೇ, ಅವರಿಗಿಂತ ಮುಂಚೆ. ಕಾಯ್ದೆ ಮುಂಚೆ ಬಂದು ಏನಾಯ್ತು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಮಗಳಿಗೆ ಇದನ್ನೂ ಹೇಳ್ರಿ.

ಪ್ರಶ್ನೆ (ಶಿವಮೊಗ್ಗ): ಟರ್ಕಿ, ಗ್ರೀಸ್ ಕಡೆ ನೀಲಿ ಕಣ್ಣಿನ ಮಣಿ ಮಾರ್ತಾರಲ್ಲ, ಅದು ದೃಷ್ಟಿಗಾ? ಅವರೂ ನಮ್ಮ ಹಾಗೆ ದೃಷ್ಟಿ ತೆಗೀತಾರಾ?

ಉತ್ತರ: ಹೌದು, ಮಣಿ ದೃಷ್ಟಿ ಆಗದೇ ಇರೋಕೆ. ಆದ ಮೇಲೆ ತೆಗೆಯೋದು ಬೇರೆ ಥರ, ಉಪ್ಪು ಮೆಣಸಿನಕಾಯಿ ಇಲ್ಲ, ನೀರು ಮತ್ತೆ ಆಲಿವ್ ಎಣ್ಣೆ.

ನಾನು ಕಂಡಿದ್ದು ಹೇಳ್ತೀನಿ. ನಮ್ಮ ಬೀದಿಯ ಒಬ್ಬ ಗ್ರೀಕ್ ಅಜ್ಜಿ, ಎಲ್ಲರೂ ಯಾಯಾ ಅಂತ ಕರೀತಿದ್ರು, ಅವರ ಭಾಷೇಲಿ ಅಜ್ಜಿಗೆ ಹಾಗೇ ಅನ್ನೋದು. ಮೊಮ್ಮಗಳಿಗೆ ಒಂದೇ ಸಮ ತಲೆನೋವು ಅಂತ ಅಡುಗೆಮನೆ ಮೇಜಿನ ಹತ್ರ ಕೂರಿಸಿದ್ರು. ಒಂದು ಗಾಜಿನ ಲೋಟದಲ್ಲಿ ನೀರು, ದೇವರ ಪಟದ ಮುಂದೆ ಉರಿಯೋ ದೀಪದ ಎಣ್ಣೆಗೆ ಬೆರಳು ಅದ್ದಿ ನೀರಿಗೆ ಹನಿ ಹನಿ ಬಿಟ್ರು, ತುಟಿ ಅಲ್ಲಾಡ್ತಿತ್ತು ಸದ್ದಿಲ್ಲ. ಎಣ್ಣೆ ಹನಿ ದುಂಡಗೆ ತೇಲಿದ್ರೆ ದೃಷ್ಟಿ ಇಲ್ಲ, ಹರಡಿ ಮಾಯವಾದ್ರೆ ಇದೆ. ಮಾಯವಾಯ್ತು. ಅಜ್ಜಿಗೆ ಆಕಳಿಕೆ ಮೇಲೆ ಆಕಳಿಕೆ, ಕಣ್ಣಲ್ಲಿ ನೀರು, ದೃಷ್ಟಿ ಜೋರಾಗಿದ್ದಷ್ಟೂ ತೆಗೆಯೋವರಿಗೆ ಆಕಳಿಕೆ ಜಾಸ್ತಿ ಅಂತಾರೆ. ಮತ್ತೆ ಮತ್ತೆ ಮಾಡಿ ಹನಿ ದುಂಡಗೆ ನಿಂತ ಮೇಲೆ ಆ ನೀರನ್ನ ಹುಡುಗಿ ಹಣೆಗೆ ಶಿಲುಬೆ ಥರ ಹಚ್ಚಿ, ಥೂ ಥೂ ಥೂ ಅಂತ ಮೂರು ಸಲ ಉಗಿದ ಹಾಗೆ ಮಾಡಿ ಎಬ್ಬಿಸಿದ್ರು.

ಆ ಮಂತ್ರ ಗುಟ್ಟು. ಹೆಂಗಸು ಗಂಡಸಿಗೆ ಕಲಿಸ್ಬೇಕು, ಗಂಡಸು ಹೆಂಗಸಿಗೆ ಕಲಿಸ್ಬೇಕು, ಹೆಂಗಸಿಂದ ಹೆಂಗಸಿಗೆ ಹೋದ್ರೆ ಶಕ್ತಿ ಇರಲ್ಲ ಅಂತ ನಂಬಿಕೆ, ಹಾಗಾಗಿ ಅಜ್ಜಿ ಮೊಮ್ಮಗನಿಗೆ ಕಲಿಸಿ ಅವನಿಂದ ಮೊಮ್ಮಗಳಿಗೆ ಕಲಿಸೋದೂ ಉಂಟು. ದೃಷ್ಟಿ ಇದೆ ಅಂತ ಗ್ರೀಕರು ನಡ್ಕೊಳ್ಳೋ ಕ್ರೈಸ್ತ ಪಂಥವಾದ ಆರ್ಥೊಡಾಕ್ಸ್ ಚರ್ಚ್ ಕೂಡ ಒಪ್ಪತ್ತೆ, ಅದಕ್ಕೆ ಪಾದ್ರಿಗಳು ಓದೋ ಪ್ರಾರ್ಥನೆ ಬೇರೆ ಇದೆ, ಅಜ್ಜಿಯರು ಮನೇಲಿ ಮಾಡೋದು ಮಾತ್ರ ಅವರಿಗೆ ಇಷ್ಟ ಇಲ್ಲ. ಅಜ್ಜಿಯರು ಬಿಟ್ಟಿಲ್ಲ. ಈಗ ಫೋನಲ್ಲೇ ತೆಗೀತಾರೆ, ಮೊಮ್ಮಗಳು ಸಿಡ್ನಿಲಿ, ಯಾಯಾ ಮೆಲ್ಬರ್ನಲ್ಲಿ.

ಪ್ರಶ್ನೆ (ಸಿಡ್ನಿ): ನಮಗೆ ಇಲ್ಲಿ ಯುಗಾದಿ ಬರೋ ಹೊತ್ತಿಗೆ ಎಲೆ ಉದುರೋ ಕಾಲ, ಮಾವಿನ ಚಿಗುರೂ ಇಲ್ಲ ಬೇವಿನ ಹೂವೂ ಇಲ್ಲ. ಮಕ್ಕಳು ಹೊಸ ವರ್ಷ ಅಂದ್ರೆ ನಗ್ತಾರೆ. ಗ್ರೀಕರಿಗೂ ಹೀಗೇ ಆಗಿರ್ಬೇಕಲ್ವಾ?

ಉತ್ತರ: ಆಗಿದೆ, ನಿಮಗಿಂತ ಜೋರಾಗಿ ಆಗಿದೆ. ಅವರ ಹಬ್ಬಗಳೆಲ್ಲ ಗ್ರೀಸಿನ ಋತುಗಳಿಗೆ ಕಟ್ಟಿಹಾಕಿದವು. ಈಸ್ಟರ್ ಅಂದ್ರೆ ಅಲ್ಲಿ ವಸಂತ, ಬೆಟ್ಟ ತುಂಬ ಹೂವು, ಮೆಲ್ಬರ್ನಲ್ಲಿ ಅದು ಸ್ವೆಟರ್ ಹುಡುಕೋ ಕಾಲ. ಮಾರ್ಚ್ 1ಕ್ಕೆ ಮಕ್ಕಳ ಕೈಗೆ ಕೆಂಪು ಬಿಳಿ ದಾರ ಹೊಸೆದು ಕಟ್ತಾರೆ, ವಸಂತದ ಮೊದಲ ಬಿಸಿಲಿಗೆ ಕೆನ್ನೆ ಕಪ್ಪಾಗದೇ ಇರ್ಲಿ ಅಂತ, ಆಸ್ಟ್ರೇಲಿಯಾದಲ್ಲಿ ಅವತ್ತು ಬೇಸಿಗೆ ಮುಗಿದಿರತ್ತೆ. ಜೂನ್ 23ರ ರಾತ್ರಿ ಸಂತ ಯೋಹಾನನ ಹಬ್ಬಕ್ಕೆ ಬೀದಿಲಿ ಬೆಂಕಿ ಹಾಕಿ ಮೂರು ಸಲ ಹಾರೋದು, ಮದುವೆ ಆಗದ ಹುಡುಗೀರು ದಾರಿಲಿ ಯಾರ ಜೊತೆಗೂ ಮಾತಾಡದೆ ನೀರು ತಂದು ಮಡಕೆಲಿ ತಂತಮ್ಮ ಉಂಗುರನೋ ಓಲೆನೋ ಹಾಕಿ, ರಾತ್ರಿ ನಕ್ಷತ್ರದ ಕೆಳಗಿಟ್ಟು ಮಾರನೇ ದಿನ ಒಂದೊಂದೇ ತೆಗೆದು ಹಾಡು ಹೇಳಿ ಯಾರಿಗೆ ಎಂಥ ಗಂಡ ಸಿಗ್ತಾನೆ ಅಂತ ಕಣಿ ಕೇಳೋದು. ಗ್ರೀಸಲ್ಲಿ ಅದು ಬೆಚ್ಚಗಿನ ಬೇಸಿಗೆ ರಾತ್ರಿ, ಮೆಲ್ಬರ್ನಲ್ಲಿ ಕೊರೆಯೋ ಚಳಿ ಮಳೆ. ಬಯಲಿಗೆ ಕಟ್ಟಿದ್ದ ಪದ್ಧತಿಗಳು ಹೀಗೆ ಸೊರಗಿದ್ವು, ಅಡುಗೆಮನೆಗೆ ಕಟ್ಟಿದ್ದವು ಮಾತ್ರ ಗಟ್ಟಿಯಾಗಿ ನಿಂತ್ವು, ನಾನು ಗಮನಿಸಿದ ಹಾಗೆ.

ಮತ್ತೆ ಅವರು ಊರನ್ನ ಹಿತ್ತಲಲ್ಲಿ ಬೆಳೆಸ್ಕೊಂಡ್ರು. ನಿಂಬೆ, ಅಂಜೂರ, ಆಲಿವ್, ದ್ರಾಕ್ಷಿ ಚಪ್ಪರ, ಟೊಮೆಟೊ. ಹುಲ್ಲುಹಾಸು ಕಿತ್ತು ಸೊಪ್ಪು ಹಾಕಿದ್ರೆ ಅಕ್ಕಪಕ್ಕದ ಆಸ್ಟ್ರೇಲಿಯನ್ನರು ಆಡ್ಕೊಳ್ತಿದ್ರಂತೆ. ರೈಲು ಹಳಿ ಪಕ್ಕ, ಖಾಲಿ ಸೈಟಲ್ಲಿ ಚಾಕು ಚೀಲ ಹಿಡ್ಕೊಂಡು ಕಾಡುಸೊಪ್ಪು ಕೊಯ್ಯೋ ಕಪ್ಪು ಸೀರೆ ಉಟ್ಟ ಹಾಗೆ ಕಾಣೋ ಹೆಂಗಸರನ್ನ ನಾನೇ ನೋಡಿದೀನಿ. ಅವರು ಬೇಸಿಗೆಲಿ ಬೇಯಿಸಿ ಎಣ್ಣೆ ನಿಂಬೆಹಣ್ಣು ಹಾಕಿ ತಿನ್ನೋ ವ್ಲೀತಾ ನಮ್ಮ ದಂಟಿನ ಸೊಪ್ಪಿನ ಜಾತಿದೇ, ಮೊಸರಿನ ಜೊತೆ ಹಸಿಯಾಗಿ ತಿನ್ನೋ ಗ್ಲಿಸ್ತ್ರೀದಾ ನಮ್ಮ ಗೋಣಿ ಸೊಪ್ಪು. ಗ್ರೀಕ್ ತರಕಾರಿ ಅಂಗಡಿ ಇರೋ ಕಡೆ ಹೋಗಿ ನೋಡಿ, ಕಟ್ಟು ಕಟ್ಟು ಸಿಗುತ್ತೆ. ಬೇವಿನ ಹೂವು ಸಿಗದಿದ್ರೂ ಬಸ್ಸಾರಂತೂ ಆಗತ್ತೆ.

ಪ್ರಶ್ನೆ (ಬೆಂಗಳೂರು, ವಿದ್ಯಾರ್ಥಿನಿ): ನೀವು ಇದನ್ನೆಲ್ಲ ತುಂಬಾ ಚೆಂದ ಮಾಡಿ ಹೇಳ್ತೀರ. ಆದ್ರೆ ಉಪವಾಸ, ಕಪ್ಪು ಬಟ್ಟೆ, ದೃಷ್ಟಿ, ಇದೆಲ್ಲ ಹೆಣ್ಣಿನ ತಲೆ ಮೇಲೆ ಹೊರಿಸಿದ ಭಾರ ಅಲ್ವಾ? ವಿದೇಶಕ್ಕೆ ಹೋದ ಮೇಲಾದ್ರೂ ಕೆಳಗಿಳಿಸ್ಬಹುದಿತ್ತಲ್ಲ.

ಉತ್ತರ: ಭಾರ ಹೌದು ಪುಟ್ಟಾ, ಇಲ್ಲ ಅನ್ನಲ್ಲ. ಫ್ಯಾಕ್ಟರಿಯಿಂದ ಬಂದು ಹಬ್ಬದ ಅಡುಗೆ ಮಾಡ್ಬೇಕಾದವಳು ಅವಳೇ, ಗಂಡ ಕಾಫಿ ಅಂಗಡಿಲಿ ಇಸ್ಪೀಟ್ ಆಡ್ತಾ ಕೂತಿರ್ತಿದ್ದ. ಹೆಂಡತಿ ಸತ್ತ ಗಂಡಸು ಜೀವನಪೂರ್ತಿ ಕಪ್ಪು ಹಾಕ್ತಿರ್ಲಿಲ್ಲ. ಹೆಣ್ಣುಮಕ್ಕಳ ಮೇಲೆ ಎಂಥ ಕಾವಲು ಅಂದ್ರೆ, ಮೆಲ್ಬರ್ನಲ್ಲಿ ಹುಟ್ಟಿ ಬೆಳೆದ ಮಗಳು ಎಪ್ಪತ್ತರ ದಶಕದಲ್ಲೂ ಒಬ್ಬಳೇ ಸಿನಿಮಾಕ್ಕೆ ಹೋಗೋ ಹಾಗಿಲ್ಲ, ಅಣ್ಣ ಮಾತ್ರ ಎಲ್ಲಿ ಬೇಕಾದ್ರೂ ಹೋಗ್ಬಹುದು. ವಿಚಿತ್ರ ಅಂದ್ರೆ ಅಷ್ಟೊತ್ತಿಗೆ ಗ್ರೀಸಲ್ಲೇ ಊರು ಬದಲಾಗಿತ್ತು, ರಜಕ್ಕೆ ಊರಿಗೆ ಹೋದ ಮಕ್ಕಳಿಗೆ ಅಲ್ಲಿನ ಸೋದರತ್ತೆ ಮಕ್ಕಳು ತಮಗಿಂತ ಫ್ರೀಯಾಗಿ ಓಡಾಡೋದು ನೋಡಿ ಸಿಟ್ಟು ಬಂದಿದೆ. ತಾಯಂದಿರು ತಾವು ಬಿಟ್ಟು ಬಂದ ದಿನದ ಹಳ್ಳಿನೇ ಮೆಲ್ಬರ್ನಲ್ಲಿ ಕಾಪಾಡ್ಕೊಂಡು ಕೂತಿದ್ರು.

ಆದ್ರೆ ಯಾಕೆ ಕೂತಿದ್ರು ಅಂತ ಒಂದು ಸಲ ಯೋಚ್ನೆ ಮಾಡು. ಅವಳು ಫ್ಯಾಕ್ಟರಿಲಿ ಹೆಸರು ಸರಿಯಾಗಿ ಕರೆಯೋಕೂ ಯಾರಿಗೂ ಬರದ ಕೂಲಿ. ಟ್ರಾಮಲ್ಲಿ ಗ್ರೀಕಲ್ಲಿ ಮಾತಾಡಿದ್ರೆ ಇಂಗ್ಲಿಷ್ ಮಾತಾಡು ಅಂತ ಬೈಸ್ಕೊಂಡವಳು. ಡಾಕ್ಟರ ಹತ್ರ ತನ್ನ ಹೊಟ್ಟೆಯೊಳಗಿನ ಕಾಯಿಲೆನ ಎಂಟು ವರ್ಷದ ಮಗನ ಬಾಯಲ್ಲಿ ಹೇಳಿಸ್ಬೇಕು, ಎಂಥ ಅವಮಾನ ಅದು. ಹೊರಗೆ ಅವಳಿಗೆ ಏನೂ ಗೊತ್ತಿಲ್ಲ. ಮನೆಗೆ ಬಂದ್ರೆ, ಚರ್ಚಿಗೆ ಬಂದ್ರೆ ಎಲ್ಲಾ ಗೊತ್ತಿರೋಳು ಅವಳೇ. ಉಪವಾಸದಲ್ಲಿ ಯಾವ ದಿನ ಎಣ್ಣೆ ತಿನ್ನದೆ ಇರ್ಬೇಕು, ನಲವತ್ತನೇ ದಿನ ಯಾವಾಗ ಬೀಳುತ್ತೆ, ಮದುವೆಗೆ ಹಂಚೋ ಸಕ್ಕರೆ ಲೇಪದ ಬಾದಾಮಿ ಬೆಸ ಸಂಖ್ಯೆಲೇ ಇರ್ಬೇಕು ಯಾಕಂದ್ರೆ ಸಮ ಆದ್ರೆ ಎರಡು ಭಾಗ ಆಗ್ಬಿಡತ್ತೆ, ಮೊದಲ ಮಗನಿಗೆ ಯಾವ ತಾತನ ಹೆಸರು, ಬಾಣಂತಿಗೆ ಏನು ಕೊಡ್ಬೇಕು, ಎಲ್ಲದಕ್ಕೂ ಜನ ಅವಳನ್ನ ಕೇಳ್ಕೊಂಡು ಬರ್ತಿದ್ರು. ಅವಳಿಗೆ ಇದ್ದ ಒಂದೇ ಅಧಿಕಾರ ಅದು. ಅದನ್ನ ಕೆಳಗಿಳಿಸು ಅಂತ ನೀನು ನಾನು ಹೇಳಿದ್ರೆ ಅವಳ ಕೈಲಿ ಏನು ಉಳೀತಿತ್ತು? ನನಗೆ ಕಪ್ಪು ಬಟ್ಟೆ ಕಂಡ್ರೆ ಈಗಲೂ ಸಂಕಟನೇ, ಆದ್ರೆ ಕೋಲಿವಾ ತಟ್ಟೆ ಎರಡು ಕೈಲಿ ಹಿಡ್ಕೊಂಡು ಚರ್ಚ್ ಮೆಟ್ಟಿಲು ಹತ್ತೋ ಆ ಹೆಂಗಸಿನ ನಡಿಗೆಲಿ ಇರೋ ಗತ್ತು ನೋಡಿದವಳು ನಾನು, ಅದನ್ನ ಬರೀ ಮೂಢನಂಬಿಕೆ ಅಂತ ಕರೆಯೋಕೆ ನನ್ನಿಂದ ಆಗಲ್ಲ.

ಮತ್ತೆ ಇವರ ಹೆಣ್ಣುಮಕ್ಕಳು ಸುಮ್ಮನೆ ಕೂರ್ಲಿಲ್ಲ. ಓದಿ ಲಾಯರು, ಟೀಚರು, ಡಾಕ್ಟರು ಆದ್ರು, ಹಾಕ್ಕೊಳ್ಳಲ್ಲ ಅಂದ್ಕೊಂಡ ಕಪ್ಪನ್ನ ಹಾಕ್ಕೊಳ್ಳಲಿಲ್ಲ, ಬೇಕಾದ ಕೋಲಿವಾನ ಅಮ್ಮನ ಪಕ್ಕ ನಿಂತು ಕಲಿತ್ರು.

ಪ್ರಶ್ನೆ (ಉಡುಪಿ): ಗ್ರೀಕ್ ಊಟ ಅಂದ್ರೆ ಬರೀ ಕುರಿ ಮಾಂಸ ಅಲ್ವಾ? ಸಸ್ಯಾಹಾರಿಗಳಿಗೆ ಏನಾದ್ರೂ ಉಂಟಾ?

ಉತ್ತರ: ಬೇಕಾದಷ್ಟು ಉಂಟು. ಈಸ್ಟರಿಗೆ ಮುಂಚೆ ನಲವತ್ತು ದಿನಕ್ಕೂ ಹೆಚ್ಚು ಉಪವಾಸ, ಕಟ್ಟುನಿಟ್ಟಾಗಿ ಮಾಡೋರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ಮುಟ್ಟಲ್ಲ. ಆಗ ಬೀನ್ಸ್ ಕಾಳಿನ ಸೂಪು, ಮಸೂರ್ ಬೇಳೆ, ಪಾಲಕ್ ಹಾಕಿದ ಅನ್ನ. ಸಿಹಿಗೆ ರವೆ ಹಲ್ವಾ, ಅಳತೆ ಪ್ರತಿ ಅಜ್ಜಿಗೂ ಬಾಯಿಪಾಠ: ಒಂದು ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ಆಲಿವ್ ಎಣ್ಣೇಲಿ ದಪ್ಪ ರವೆನ ಚೆನ್ನಾಗಿ ಕೆಂಪಗೆ ಹುರೀಬೇಕು, ನಮ್ಮ ಕೇಸರಿಬಾತಿಗಿಂತ ಜಾಸ್ತಿ. ಪಕ್ಕದಲ್ಲಿ ಸಕ್ಕರೆ, ನೀರು, ಚಕ್ಕೆ, ಲವಂಗ, ನಿಂಬೆ ಸಿಪ್ಪೆ ಕುದಿಸಿ ಆ ಪಾಕನ ರವೆಗೆ ಸುರೀಬೇಕು, ಸಿಡಿಯುತ್ತೆ ಕೈ ಜೋಪಾನ. ಗಟ್ಟಿ ಆದ ಮೇಲೆ ಬಟ್ಟಲಿಗೆ ಒತ್ತಿ ಆರಿಸಿ ಮಗುಚಿ ಹಾಕಿದ್ರೆ ಆಯ್ತು. ತುಪ್ಪ ಹಾಕ್ಬೇಡಿ, ಹಾಕಿದ್ರೆ ಅದು ಉಪವಾಸದ ಹಲ್ವಾ ಅಲ್ಲ.

ಪ್ರಶ್ನೆ (ಬ್ರಿಸ್ಬೇನ್): ಆಫೀಸಿನ ಗ್ರೀಕ್ ಫ್ರೆಂಡ್ ಈಸ್ಟರಿಗೆ ಮನೆಗೆ ಕರೆದಿದಾಳೆ, ಆದ್ರೆ ಕ್ಯಾಲೆಂಡರಲ್ಲಿ ಇರೋ ದಿನ ಅಲ್ಲ ಅಂತಾಳೆ. ನಾವು ಮಾಂಸ ತಿನ್ನಲ್ಲ, ಮೊಟ್ಟೆ ತಿಂತೀವಿ. ಹೋಗ್ಬಹುದಾ?

ಉತ್ತರ: ಹೋಗಿ, ತಪ್ಪಿಸ್ಬೇಡಿ. ಆರ್ಥೊಡಾಕ್ಸ್ ಚರ್ಚ್ ಈಸ್ಟರ್ ಲೆಕ್ಕಕ್ಕೆ ಹಳೇ ಜೂಲಿಯನ್ ಕ್ಯಾಲೆಂಡರ್ ಇಟ್ಕೊಂಡಿದೆ, ಹಾಗಾಗಿ ಕೆಲವು ವರ್ಷ ಎರಡೂ ಒಂದೇ ದಿನ ಬರುತ್ತೆ, 2025ರಲ್ಲಿ ಹಾಗೇ ಆಯ್ತು, ಇಲ್ಲಾಂದ್ರೆ ಅವರದ್ದು ಆಮೇಲೆ. 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2. ಆಗೋದಾದ್ರೆ ಶನಿವಾರ ರಾತ್ರಿನೇ ಅವಳ ಜೊತೆ ಚರ್ಚಿಗೆ ಹೋಗಿ, ಹನ್ನೆರಡಕ್ಕೆ ಮುಂಚೆ ದೀಪ ಎಲ್ಲಾ ಆರಿಸಿ ಕತ್ತಲೆ ಮಾಡ್ತಾರೆ, ಪಾದ್ರಿ ಒಳಗಿಂದ ಒಂದು ಮೇಣದಬತ್ತಿ ತರ್ತಾರೆ, ಅದರಿಂದ ಒಬ್ಬರಿಗೊಬ್ಬರು ಹಚ್ಕೊಳ್ತಾ ಹೋಗ್ತಾರೆ. ಆ ಬತ್ತಿನ ಆರದ ಹಾಗೆ ಕೈ ಅಡ್ಡ ಹಿಡ್ಕೊಂಡು ಕಾರಲ್ಲೇ ಮನೆಗೆ ತಂದು, ಬಾಗಿಲ ಮೇಲ್ಗಡೆ ಪಟ್ಟಿಗೆ ಹೊಗೆಲಿ ಶಿಲುಬೆ ಗುರುತು ಹಾಕ್ತಾರೆ.

ಮೊಟ್ಟೆ ತಿಂತೀರಲ್ಲ, ನಿಮ್ಮ ಪಾಲಿಗೆ ಕೆಂಪು ಮೊಟ್ಟೆ ಇದೆ. ಗುರುವಾರನೇ ಬಣ್ಣ ಹಾಕಿರ್ತಾರೆ, ಹಳೇ ಹೆಂಗಸರು ಈರುಳ್ಳಿ ಸಿಪ್ಪೆ ಬೇಯಿಸಿ ವಿನೆಗರ್ ಹಾಕಿ ಬಣ್ಣ ತೆಗೀತಾರೆ, ಇಟ್ಟಿಗೆ ಕೆಂಪು ಬರುತ್ತೆ, ಆಮೇಲೆ ಎಣ್ಣೆ ಬಟ್ಟೆಲಿ ಒರೆಸಿ ಹೊಳಪು. ಮೊದಲನೇ ಮೊಟ್ಟೆ ಮೇರಿ ಮಾತೆಗೆ, ಅದನ್ನ ದೇವರ ಪಟದ ಹತ್ರ ಮುಂದಿನ ವರ್ಷದವರೆಗೆ ಇಟ್ಟಿರ್ತಾರೆ, ಅದನ್ನ ಮುಟ್ಟೋಕೆ ಹೋಗ್ಬೇಡಿ. ಮಿಕ್ಕಿದ್ದನ್ನ ಒಬ್ಬರಿಗೊಬ್ಬರು ತುದಿಗೆ ತುದಿ ಕುಟ್ಟೋದು, ಯಾರದ್ದು ಕೊನೆವರೆಗೂ ಒಡೆಯಲ್ವೋ ಅವರಿಗೆ ಆ ವರ್ಷ ಅದೃಷ್ಟ. ಮಧ್ಯರಾತ್ರಿ ಬಡಿಸೋ ಸೂಪಲ್ಲಿ ಕುರಿಯ ಕರುಳು, ಈಲಿ ಇರುತ್ತೆ, ಹಾಗಾಗಿ ಮಾಂಸ ತಿನ್ನಲ್ಲ ಅಂತ ನಿಮ್ಮ ಫ್ರೆಂಡಿಗೆ ಈಗಲೇ ಹೇಳ್ಬಿಡಿ, ಅವರಮ್ಮನಿಗೆ ಗೊತ್ತಾದ್ರೆ ನಿಮಗಂತಲೇ ಪಾಲಕ್ ಪೈ ಮಾಡಿಟ್ಟಿರ್ತಾರೆ, ಎರಡನೇ ಸಲ ಬಡಿಸೋಕೆ ಬಂದಾಗ ಬೇಡ ಅನ್ನೋಕೆ ಬಿಡಲ್ಲ.